ಬಿಡದಿಯಲ್ಲಿ ಬಿದ್ದ ಸಾರಸ

ಬಿಡದಿ ಎಂದರೆ ತಟ್ಟೆ ಇಡ್ಲಿ. ರಾಮನಗರ ಎಂದರೆ ರೇಷ್ಮೆಗೂಡಿನ ಮಾರುಕಟ್ಟೆ, ಇಲ್ಲವೇ 'ಷೋಲೆ' ಸಿನಿಮಾ ತೆಗೆದ ಬೆಟ್ಟ. ಚನ್ನಪಟ್ಟಣಕ್ಕೆ ಗೊಂಬೆ, ಮಾಗಡಿಗೆ ಕೆಂಪೇಗೌಡರು, ಕನಕಪುರಕ್ಕೆ ಸಂಗಮ, ಮೇಕೆದಾಟು. ಹೀಗೆ ನಮ್ಮ ಊರುಗಳಿಗೆಲ್ಲ ಒಂದೊಂದು ಗುರುತಿದೆ. 'ಷೋಲೆ' ಬಂದದ್ದು 1975ರಲ್ಲಿ. ಆ ಸಿನಿಮಾದ ಡಕಾಯಿತನ ಮಾತುಗಳನ್ನು ಇವತ್ತಿಗೂ ಮಕ್ಕಳು ಬಾಯಿಪಾಠ ಒಪ್ಪಿಸುತ್ತಾರೆ. ಆದರೆ 2009ರ ಮಾರ್ಚ್ 6ರ ಮಧ್ಯಾಹ್ನ ಬಿಡದಿಯ ಹತ್ತಿರ ಶೇಷಗಿರಿಹಳ್ಳಿಯಲ್ಲಿ ಏನಾಯಿತು ಎಂದು ಕೇಳಿ ನೋಡಿ. ಮಕ್ಕಳ ಮಾತಿರಲಿ, ಮೇಷ್ಟರುಗಳು ಕೂಡ ಮುಖ ಮುಖ ನೋಡುತ್ತಾರೆ. "ಯಾವುದೋ ವಿಮಾನ ಬಿದ್ದಿತ್ತಲ್ಲವಾ ಮೇಡಂ?" ಎನ್ನುವುದೇ ಹೆಚ್ಚು.

ಅದು 'ಯಾವುದೋ ವಿಮಾನ' ಅಲ್ಲ. ಬೆಂಗಳೂರಿನ ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್, ಅಂದರೆ ಎನ್.ಎ.ಎಲ್. ಸಂಸ್ಥೆ ರೂಪಿಸಿದ 'ಸಾರಸ್'. ಸಾರಸ ಎಂದರೆ ಉದ್ದ ಕಾಲಿನ, ದೊಡ್ಡ ರೆಕ್ಕೆಯ ಹಕ್ಕಿ. ಹದಿನಾಲ್ಕು ಜನ ಕೂರುವ ಚಿಕ್ಕ ವಿಮಾನ. ಎರಡು ಎಂಜಿನ್ನುಗಳು ಬಾಲದ ಕಡೆ ಇದ್ದು, ಪ್ರೊಪೆಲ್ಲರುಗಳು ಹಿಂದಿನಿಂದ ತಳ್ಳುವಂಥ ರಚನೆ. 1999ರಲ್ಲಿ ಸರ್ಕಾರ ಒಪ್ಪಿಗೆ ಕೊಟ್ಟಿತು. 2004ರ ಮೇ 29ರಂದು ಮೊದಲ ಮಾದರಿ ಹಾರಿತು. ತೂಕ ಮಾತ್ರ ಯೋಜಿಸಿದ್ದಕ್ಕಿಂತ ಸುಮಾರು 900 ಕೆ.ಜಿ. ಹೆಚ್ಚಾಗಿತ್ತು. ಹಾಗಾಗಿ ಇನ್ನೂ ಬಲವಾದ ಎಂಜಿನ್ನು ಹಾಕಿ ಎರಡನೆಯ ಮಾದರಿ ಮಾಡಿದರು. ಅದು 2007ರಲ್ಲಿ ಹಾರಿತು. ವಾಯುಪಡೆ ಇಂಥ 15 ವಿಮಾನಗಳನ್ನು ಕೊಳ್ಳಲು ಮುಂದೆ ಬಂದಿತ್ತು. ನಮ್ಮಲ್ಲಿ ಬಿದ್ದದ್ದು ಆ ಎರಡನೆಯ ಮಾದರಿ. ಅದರಲ್ಲಿದ್ದ ವಾಯುಪಡೆಯ ಮೂವರೂ ತೀರಿಕೊಂಡರು: ವಿಂಗ್ ಕಮಾಂಡರ್ ಪ್ರವೀಣ್ ಕೋಟೆಕೊಪ್ಪ, ವಿಂಗ್ ಕಮಾಂಡರ್ ದೀಪೇಶ್ ಷಾ, ಸ್ಕ್ವಾಡ್ರನ್ ಲೀಡರ್ ಇಳಯರಾಜ. ಮೊದಲಿಬ್ಬರು ಪರೀಕ್ಷಾ ಪೈಲಟ್‌ಗಳು, ಮೂರನೆಯವರು ಪರೀಕ್ಷಾ ಹಾರಾಟದ ಎಂಜಿನಿಯರ್.

ಇಂಥ ಸುದ್ದಿ ಬಂದಾಗ ನಮ್ಮಲ್ಲಿ ಎರಡೇ ಮಾತು ಕೇಳಿಬರುತ್ತವೆ. ಒಂದು, "ನಮ್ಮ ದುಡ್ಡೆಲ್ಲ ನೀರಿನಲ್ಲಿ ಹೋಮ! ಇವರ ಕೈಲಿ ಆಗುವ ಕೆಲಸವೇ ಇದು? ಹೊರಗಿನಿಂದ ತಂದಿದ್ದರೆ ಆಗುತ್ತಿರಲಿಲ್ಲವೇ?" ಇನ್ನೊಂದು, "ಅವರು ಹುತಾತ್ಮರು. ಈಗ ಪ್ರಶ್ನೆ ಕೇಳುವುದು ಶೋಭೆಯಲ್ಲ." ಕೇಳುವುದಕ್ಕೆ ಒಂದಕ್ಕೊಂದು ವಿರುದ್ಧ. ಮಾಡುವ ಕೆಲಸ ಮಾತ್ರ ಒಂದೇ: ಬಾಯಿ ಮುಚ್ಚಿಸುವುದು. ಮೊದಲನೆಯದು ಗೇಲಿ ಮಾಡಿ ಮುಚ್ಚಿಸುತ್ತದೆ, ಎರಡನೆಯದು ಹೂವಿನ ಹಾರ ಹಾಕಿ ಮುಚ್ಚಿಸುತ್ತದೆ. ನನ್ನ ಜಗಳ ಈ ಎರಡರ ಮೇಲೂ.

ಮೊದಲು ಗೇಲಿ ಮಾಡುವವರಿಗೆ ಹೇಳುತ್ತೇನೆ. ನಮ್ಮ ಕಡೆ ರೇಷ್ಮೆ ಹುಳು ಸಾಕುವ ಹೆಂಗಸರನ್ನು ಕೇಳಿ. ಚಾಕಿ ಹುಳು ತಂದು, ರಾತ್ರಿಯೆಲ್ಲ ಎದ್ದೆದ್ದು ಸೊಪ್ಪು ಹಾಕಿ, ಇನ್ನೇನು ಚಂದ್ರಿಕೆಗೆ ಬಿಡಬೇಕು ಎನ್ನುವಾಗ ಹಾಲುತೊಂಡೆ ರೋಗವೋ ಸುಣ್ಣಕಟ್ಟು ರೋಗವೋ ಬಂದು ಬೆಳೆ ಪೂರ್ತಿ ಹೋಗುತ್ತದೆ. ಅಳು ಬರುತ್ತದೆ, ಸಾಲ ಏರುತ್ತದೆ. ಆದರೂ ಆಕೆ "ರೇಷ್ಮೆಯೇ ಸುಳ್ಳು" ಎನ್ನುವುದಿಲ್ಲ. ಸೊಪ್ಪು ತೇವವಾಗಿತ್ತೇ, ಮನೆಗೆ ಔಷಧಿ ಹೊಡೆದದ್ದು ಸಾಲದಾಯಿತೇ, ಹುಳು ಒತ್ತೊತ್ತಾಗಿತ್ತೇ ಎಂದು ಒಂದೊಂದನ್ನೂ ವಿಚಾರಿಸುತ್ತಾಳೆ. ಮುಂದಿನ ಬೆಳೆ ನಿಲ್ಲುವುದೇ ಈ ವಿಚಾರಣೆಯ ಮೇಲೆ. ವಿಮಾನದ ಪರೀಕ್ಷೆಯೂ ಅಷ್ಟೇ. ತಪ್ಪು ಎಲ್ಲಿದೆ ಎಂದು ಜನ ಹತ್ತುವ ಮೊದಲೇ ತಿಳಿಯಲಿ ಎಂದೇ ಪರೀಕ್ಷೆ ಮಾಡುವುದು. ಸೋಲಿಗೆ ಜಾಗವೇ ಇಲ್ಲದಿದ್ದರೆ ಅದನ್ನು ಪರೀಕ್ಷೆ ಎಂದು ಯಾಕೆ ಕರೆಯಬೇಕು?

ಈಗ ಹಾರ ಹಾಕುವವರಿಗೆ. ಆ ದಿನ ನಡೆಯುತ್ತಿದ್ದ ಪರೀಕ್ಷೆ ಇದು: ಹಾರುತ್ತಿರುವಾಗಲೇ ಒಂದು ಎಂಜಿನ್ನನ್ನು ಬೇಕೆಂದೇ ಆರಿಸಿ, ಮತ್ತೆ ಹೊತ್ತಿಸುವುದು. ಜನ ಕೂರುವ ವಿಮಾನದಲ್ಲಿ ಎಂಜಿನ್ನು ಆರಿಹೋದರೆ ಏನು ಗತಿ ಎಂಬುದನ್ನು ಮೊದಲೇ ನೋಡಬೇಕಲ್ಲ, ಅದಕ್ಕೆ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ತನಿಖೆ ಕಾರಣ ಹೇಳಿದೆ. ಎಂಜಿನ್ನನ್ನು ಮತ್ತೆ ಹೊತ್ತಿಸಲು ವಿನ್ಯಾಸಕಾರರು ಗೊತ್ತುಮಾಡಿದ ಕ್ರಮವೇ ತಪ್ಪಾಗಿತ್ತು. ಅದನ್ನು ಸಾಕಷ್ಟು ಎತ್ತರವಿಲ್ಲದ ಕಡೆ ಮಾಡಲಾಯಿತು. ವಿಮಾನ ಬೇಗ ಬೇಗ ಕೆಳಗಿಳಿದು ಹಿಡಿತಕ್ಕೆ ಸಿಗಲಿಲ್ಲ. ಒಮ್ಮೆ ಹೊತ್ತದಿದ್ದಾಗ ಹಾರಾಟ ಕೈಬಿಡದೆ ಮುಂದುವರಿಸಿದ್ದು, ಒಳಗಿನವರ ನಡುವೆ ಹೊಂದಾಣಿಕೆ ಸಾಲದೆ ಹೋದದ್ದು ಕೂಡ ವರದಿಯಲ್ಲಿದೆ. ಅದರಲ್ಲಿರುವ ಇನ್ನೊಂದು ಮಾತು ನನ್ನನ್ನು ನಿದ್ದೆಗೆಡಿಸುತ್ತದೆ: ಆ ಕ್ರಮವನ್ನು ರೂಪಿಸುವಾಗ ಪ್ರೊಪೆಲ್ಲರ್ ತಯಾರಿಸಿದ ಕಂಪನಿಯನ್ನು ಕೇಳಿರಲಿಲ್ಲ.

ಕೇಳಿರಲಿಲ್ಲ! ಹೊಸ ಕುಕ್ಕರ್ ತಂದರೆ ಅದರ ಜೊತೆ ಬಂದ ಕಾಗದವನ್ನು ನಾವು ಓದದೆ ಒಲೆಯ ಮೇಲೆ ಇಡುವುದಿಲ್ಲ. ಮೂವರನ್ನು ಆಕಾಶಕ್ಕೆ ಕಳಿಸುವಾಗ, ವಸ್ತು ಮಾಡಿದವರನ್ನೇ ಒಂದು ಮಾತು ಕೇಳಬಾರದಿತ್ತೇ? ಈ ಪ್ರಶ್ನೆಯಿಂದ ಸತ್ತವರಿಗೆ ಅವಮಾನವಾಗುವುದಿಲ್ಲ. ಅವರು ಜೀವ ಒತ್ತೆಯಿಟ್ಟು ಬರೆದ ಉತ್ತರಪತ್ರಿಕೆಯನ್ನು ಓದದೆ ಕಟ್ಟಿಡುತ್ತೇವಲ್ಲ, ಅವಮಾನ ಅದು.

ಆಮೇಲೆ ಏನಾಯಿತು? ಯೋಜನೆಯನ್ನು ತಕ್ಷಣ ನಿಲ್ಲಿಸಲಿಲ್ಲ, ಗಟ್ಟಿಯಾಗಿ ಮುಂದುವರಿಸಲೂ ಇಲ್ಲ. ಕೊನೆಗೆ ಕೆಲವು ವರ್ಷ ಕೆಲಸವೇ ನಿಂತಿತು. ಅರ್ಧ ಬೆಂದ ಅನ್ನದ ಒಲೆ ಆರಿಸಿ, ತಟ್ಟೆ ಮುಚ್ಚಿ, ಊರಿಗೆ ಹೋದಂತೆ. ಬಂದು ನೋಡಿದರೆ ಅದು ಅಕ್ಕಿಯೂ ಅಲ್ಲ, ಅನ್ನವೂ ಅಲ್ಲ. 2018ರ ಜನವರಿ 24ರಂದು ಹಳೆಯ ಮೊದಲ ಮಾದರಿಯನ್ನೇ ತಿದ್ದಿ ಮತ್ತೆ ಹಾರಿಸಿದರು. ಬಳಿಕ ಹತ್ತೊಂಬತ್ತು ಸೀಟಿನ ಹೊಸ ರೂಪದ ಕೆಲಸ ಹಿಡಿದರು. ಆ ಹದಿನಾಲ್ಕು ಸೀಟಿನ ಸಾರಸ್ ಮಾತ್ರ ಸೇವೆಗೆ ಸೇರಲೇ ಇಲ್ಲ. ದುಡ್ಡು ಪೋಲಾಯಿತು ಎಂದು ಗೇಲಿ ಮಾಡುವವರು ಬಿದ್ದ ದಿನದ ನಷ್ಟವನ್ನಷ್ಟೇ ಎಣಿಸುತ್ತಾರೆ. ಅದರ ನಂತರ ಸುಮ್ಮನೆ ಕಳೆದುಹೋದ ವರ್ಷಗಳನ್ನು ಎಣಿಸುವವರು ಯಾರು?

ಸೋಲಿನಿಂದ ಕಲಿತರೆ ಏನಾಗುತ್ತದೆ ಎಂಬುದಕ್ಕೂ ಬೆಂಗಳೂರಿನದೇ ಉದಾಹರಣೆ ಇದೆ. 1999ರ ಜನವರಿ 11ರಂದು ತಮಿಳುನಾಡಿನ ಅರಕ್ಕೋಣದ ಬಳಿ ಇನ್ನೊಂದು ಪ್ರಯೋಗದ ವಿಮಾನ ಬಿತ್ತು. ಬೆನ್ನ ಮೇಲೆ ದೊಡ್ಡ ತಟ್ಟೆಯಂಥ ರೇಡಾರ್ ಹೊತ್ತು, ದೂರದ ಶತ್ರು ವಿಮಾನವನ್ನು ಆಕಾಶದಿಂದಲೇ ಪತ್ತೆಹಚ್ಚುವ ವಿಮಾನ ಅದು. ವಿಜ್ಞಾನಿಗಳೂ ವಾಯುಪಡೆಯವರೂ ಸೇರಿ ಎಂಟು ಜನ ತೀರಿಕೊಂಡರು. ಯೋಜನೆ ನಿಂತುಹೋಯಿತು. ಕೆಲವು ವರ್ಷಗಳ ನಂತರ ಬೆಂಗಳೂರಿನ ಅದೇ ಪ್ರಯೋಗಾಲಯ ಬೇರೆ ವಿಮಾನ, ಬೇರೆ ಬಗೆಯ ರೇಡಾರ್ ಇಟ್ಟುಕೊಂಡು ಮತ್ತೆ ಕೆಲಸ ಹಿಡಿಯಿತು. 2017ರಲ್ಲಿ 'ನೇತ್ರ' ವಾಯುಪಡೆಯ ಕೈಸೇರಿತು. ಆ ಎಂಟು ಜನರ ಜೀವಕ್ಕೆ ಬೆಲೆ ಕಟ್ಟಲಾಗುವುದಿಲ್ಲ. ಆದರೆ ಅವರು ಹಿಡಿದಿದ್ದ ಕೆಲಸ ಬೂದಿಯಾಗಲಿಲ್ಲ ಎಂದು ಅವರ ಮನೆಯವರಿಗೆ ಹೇಳಬಹುದು.

ಇನ್ನೂ ಹಳೆಯದು ಬೇಕೆ? ಎಚ್.ಎ.ಎಲ್.ನಲ್ಲಿ ಜರ್ಮನಿಯ ಕುರ್ಟ್ ಟ್ಯಾಂಕ್ ಅವರ ಮುಂದಾಳತ್ವದಲ್ಲಿ 'ಮರುತ್' ಯುದ್ಧವಿಮಾನ ತಯಾರಾಯಿತು; 1961ರ ಜೂನ್ 17ರಂದು ಹಾರಿತು; 1971ರ ಯುದ್ಧದಲ್ಲಿ ಹೋರಾಡಿತು. ಅದಕ್ಕೆ ಯಾವಾಗಲೂ ಇದ್ದ ಕೊರತೆ ತಕ್ಕ ಎಂಜಿನ್ನಿನದು. ಆ ಕೊರತೆ ನೀಗಿಸಲು ಹೆಚ್ಚು ಶಕ್ತಿಯ ಒಂದು ಹೊಸ ಮಾದರಿ ಮಾಡಿದರು. 1970ರ ಜನವರಿ 10ರಂದು ಅದನ್ನು ಪರೀಕ್ಷಿಸುವಾಗ ಗ್ರೂಪ್ ಕ್ಯಾಪ್ಟನ್ ಸುರಂಜನ್ ದಾಸ್ ತೀರಿಕೊಂಡರು. ಆ ಮಾದರಿ ಸೇವೆಗೆ ಬರಲೇ ಇಲ್ಲ. ಅವರ ಹೆಸರಿನ ರಸ್ತೆ ಬೆಂಗಳೂರಿನಲ್ಲಿದೆ. ದಿನಾ ಆ ರಸ್ತೆಯಲ್ಲಿ ಬಸ್ಸಿಗೆ ಕಾಯುವ ಎಷ್ಟು ಮಂದಿಗೆ ಅವರು ಯಾರೆಂದು ಗೊತ್ತು? ಬೋರ್ಡಿನ ಮೇಲೆ ಹೆಸರು ಬರೆದ ಮಾತ್ರಕ್ಕೆ ನೆನಪು ಉಳಿಯುವುದಿಲ್ಲ.

"ವಿಮಾನ, ಎಂಜಿನ್ನು, ತನಿಖೆ, ಇದೆಲ್ಲ ನಮಗೇಕೆ ಮೇಡಂ? ಗಂಡಸರು ನೋಡಿಕೊಳ್ಳಲಿ" ಎನ್ನುವ ಅಕ್ಕಂದಿರಿಗೆ ನನ್ನದೊಂದು ಮಾತು. ಸೋಪಿಗೂ ಸೀರೆಗೂ ತೆರಿಗೆ ಕೊಡುವಾಗ ನಾವು ಹೆಂಗಸರು ಎಂದು ಯಾರೂ ಬಿಡುವುದಿಲ್ಲ. ಮನೆಯ ಖರ್ಚಿಗೆ ಐದು ರೂಪಾಯಿಗೂ ಲೆಕ್ಕ ಕೇಳುವ ನಾವು ಇದರ ಲೆಕ್ಕ ಕೇಳಬಾರದೇ? ಅದಕ್ಕಿಂತ ದೊಡ್ಡ ಕಾರಣ ಇನ್ನೊಂದು. ಪರೀಕ್ಷಾ ಪೈಲಟ್ ಬೆಳಿಗ್ಗೆ ಮನೆ ಬಿಟ್ಟ ಮೇಲೆ ಸಂಜೆಯವರೆಗೆ ಬಾಗಿಲ ಕಡೆ ಕಿವಿಯಿಟ್ಟು ಕೂರುವವರು ತಾಯಿ, ಹೆಂಡತಿ, ಮಗಳು. ಹಿಂದಿನ ತಪ್ಪನ್ನು ಓದಿದ್ದಾರೆಯೇ, ಕೇಳಬೇಕಾದವರನ್ನು ಕೇಳಿದ್ದಾರೆಯೇ ಎಂದು ಅವರ ಪರವಾಗಿ ಕೇಳುವವರು ಬೇಕು.

ನಾನು ಕೇಳುವುದು ಹೆಚ್ಚೇನಲ್ಲ. ಸೇವೆಗೆ ಸೇರದೆ ಹೋದ ಪ್ರತಿಯೊಂದು ಪ್ರಯೋಗಕ್ಕೂ, ಎಷ್ಟು ಖರ್ಚಾಯಿತು, ಎಲ್ಲಿ ತಪ್ಪಿತು, ಏನು ಕಲಿತೆವು ಎಂದು ಜನಕ್ಕೆ ಅರ್ಥವಾಗುವ ಭಾಷೆಯಲ್ಲಿ, ಕನ್ನಡದಲ್ಲಿ, ನಾಲ್ಕು ಪುಟ ಬರೆದು ಕೊಡಲಿ. ದೇಶದ ರಕ್ಷಣೆಗೆ ಗುಟ್ಟಾಗಿ ಇರಬೇಕಾದದ್ದು ಇರಲಿ. ನಾಚಿಕೆಗೆ ಮುಚ್ಚಿಟ್ಟದ್ದನ್ನು ಗುಟ್ಟು ಎಂದು ಕರೆಯುವುದು ಬೇಡ. ಮುಂದುವರಿಸುವುದಾದರೆ ಹಣ ಕೊಟ್ಟು ಮುಂದುವರಿಸಲಿ, ನಿಲ್ಲಿಸುವುದಾದರೆ ಕಾರಣ ಹೇಳಿ ನಿಲ್ಲಿಸಲಿ.

ಶಾಲೆಯಲ್ಲಿರುವ ನನ್ನಂಥವರ ಪಾಲೂ ಇದೆ. ವಿಜ್ಞಾನದ ಪಾಠದಲ್ಲಿ ಗೆದ್ದವರ ಚಿತ್ರವನ್ನಷ್ಟೇ ತೋರಿಸಿದರೆ, ಒಮ್ಮೆ ಫೇಲಾದ ಹುಡುಗಿ ತನ್ನ ಕತೆ ಅಲ್ಲಿಗೆ ಮುಗಿಯಿತು ಎಂದುಕೊಳ್ಳುತ್ತಾಳೆ. ಶೇಷಗಿರಿಹಳ್ಳಿಯ ಪಾಠವನ್ನು ನಮ್ಮ ತಾಲ್ಲೂಕುಗಳ ಮಕ್ಕಳಿಗೆ ಹೇಳಲು ಯಾವ ಆದೇಶವೂ ಬೇಕಿಲ್ಲ. ವರ್ಷಕ್ಕೊಂದು ಪೀರಿಯಡ್ಡು ಸಾಕು. ಮೂವರ ಹೆಸರು ಬೋರ್ಡಿನ ಮೇಲೆ ಬರೆದು, ಎಂಜಿನ್ನು ಯಾಕೆ ಮತ್ತೆ ಹೊತ್ತಲಿಲ್ಲ ಎಂದು ಮಕ್ಕಳನ್ನು ಕೇಳೋಣ. ಅವರಲ್ಲಿ ಯಾರಾದರೂ ಒಬ್ಬಳು ಎದ್ದು, "ಮಾಡಿದವರನ್ನು ಮೊದಲೇ ಯಾಕೆ ಕೇಳಲಿಲ್ಲ ಮಿಸ್?" ಎಂದರೆ, ಆಕೆಯನ್ನು ಸುಮ್ಮನೆ ಕೂರಿಸದಿದ್ದರೆ ಆಯಿತು.