ಸುರಪುರದ ಟೇಲರ್ ಮಂಜಿಲ್

ದಾರಿಗರಿಗೆ ತಂಗಲು ಸ್ಥಳವೀಯುವ ಕಟ್ಟಡಗಳ ಚರಿತ್ರೆಯನ್ನು ಯಾರೂ ಬರೆದಿಡುವುದಿಲ್ಲ. ರಾತ್ರಿ ಬಂದವರು ಬೆಳಗಾದರೆ ಹೊರಟುಹೋಗುತ್ತಾರೆ. ಗೋಡೆಗಳ ಪೂರ್ವೋತ್ತರವನ್ನು ಕೇಳುವ ವ್ಯವಧಾನ ಅವರಿಗೆಲ್ಲಿ? ಸುರಪುರದ ಗುಡ್ಡದ ಮೇಲಿರುವ ಟೇಲರ್ ಮಂಜಿಲ್ ಮುಂದೆ ಸರಕಾರಿ ಅತಿಥಿಗೃಹವಾಗಿ ಇಂತಹ ಎಷ್ಟೋ ಜನರನ್ನು ಕಂಡಿತು. ಆದರೆ ಅದನ್ನು ಕಟ್ಟಿಸಿದಾತನ ಕಥೆಯೂ, ಅವನನ್ನು ‘ಅಪ್ಪಾ’ ಎಂದು ಕರೆದ ಬಾಲಕನೊಬ್ಬನ ಕಥೆಯೂ ಅದರೊಡನೆ ಬೆಸೆದುಕೊಂಡಿವೆ.

ಸುರಪುರದ ಬೇಡ ನಾಯಕರು ಸಾಮಾನ್ಯರಲ್ಲ. 1705ರಲ್ಲಿ ವಾಗಿನಗೇರಿಯ ಕೋಟೆಯ ಮುಂದೆ ಮುದುಕನಾದ ಔರಂಗಜೇಬನೇ ಬಂದು ಪಾಳೆಯ ಬಿಡಬೇಕಾಯಿತು. ಆ ವಂಶದ ರಾಜಾ ಕೃಷ್ಣಪ್ಪ ನಾಯಕನು 1842ರಲ್ಲಿ ತೀರಿಕೊಂಡಾಗ ಮಗ ವೆಂಕಟಪ್ಪ ನಾಯಕನಿಗೆ ಇನ್ನೂ ಎಂಟರ ಆಸುಪಾಸಿನ ವಯಸ್ಸು. ಒಂದೆಡೆ ತಾಯಿ ರಾಣಿ ಈಶ್ವರಮ್ಮ, ಇನ್ನೊಂದೆಡೆ ಅಧಿಕಾರಕ್ಕೆ ಕೈಚಾಚಿದ ದಾಯಾದಿಗಳು. ನಡುವೆ ರಾಜ್ಯಭಾರ ನಡೆಸಲು ನಿಂತವನು ನಿಜಾಮನ ಸೈನ್ಯದ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್.

ಈತ 1824ರಲ್ಲಿ, ಹದಿನೈದರ ಹರೆಯದಲ್ಲಿ, ವ್ಯಾಪಾರಿಯೊಬ್ಬನ ಬಳಿ ಕೆಲಸಕ್ಕೆಂದು ಮುಂಬಯಿಗೆ ಬಂದವನು. ಭೂಮಾಪನ, ಕಾನೂನು, ಕಟ್ಟಡದ ಕೆಲಸ ಎಲ್ಲವನ್ನೂ ಸ್ವಂತವಾಗಿ ಕಲಿತುಕೊಂಡನು. ಠಕ್ಕರನ್ನು ಕುರಿತ ಅವನ ಕಾದಂಬರಿ 1839ರಲ್ಲಿ ಪ್ರಕಟವಾಗಿ ಇಂಗ್ಲೆಂಡಿನಲ್ಲಿ ಮನೆಮಾತಾಯಿತು. ಸುರಪುರದಲ್ಲಿ ರಸ್ತೆ ಹಾಕಿಸಿದನು, ಬೋನಾಳದ ಕೆರೆಯನ್ನು ಹಿಗ್ಗಿಸಿದನು. ಅಲ್ಲಿ ಇಂದು ಹಕ್ಕಿಗಳು ಗೂಡುಕಟ್ಟುತ್ತವೆ. ಶಹಾಪುರದ ಬಳಿ ವಿಭೂತಿಹಳ್ಳಿಯ ಬಯಲಿನಲ್ಲಿ ಸಾಲುಗೂಡಿ ಬಿದ್ದಿರುವ ಬಂಡೆಗಳು ಇತಿಹಾಸಪೂರ್ವ ಕಾಲದವೆಂದು ಗುರುತಿಸಿ ಬರೆದವನೂ ಅವನೇ. 1844ರಲ್ಲಿ ಗುಡ್ಡದ ಮೇಲೆ ಬಂಗಲೆ ಏರಿತು. ಅದೇ ವರ್ಷ ಅವನ ಮಡದಿ ತೀರಿಕೊಂಡಳು.

ಈಶ್ವರಮ್ಮನನ್ನು ಕುರಿತು ಟೇಲರ್ ತನ್ನ ಆತ್ಮಚರಿತ್ರೆಯಲ್ಲಿ ಕಠಿಣವಾಗಿ ಬರೆದಿದ್ದಾನೆ. ಆಕೆಯ ಮಾತನ್ನು ಬರೆದುಕೊಂಡವರು ಯಾರೂ ಇಲ್ಲವಾದ್ದರಿಂದ ಓದುಗರು ಅದನ್ನು ಒಂದು ಕಡೆಯ ಅಹವಾಲೆಂದೇ ಎಣಿಸುವುದು ಲೇಸು. ಮಗುವಿನ ವಿಷಯದಲ್ಲಿ ಮಾತ್ರ ಅವನ ಲೇಖನಿ ಮೃದುವಾಗುತ್ತದೆ. ಆ ಹುಡುಗ ಇಪ್ಪತ್ತನಾಲ್ಕನೆಯ ವರ್ಷದಲ್ಲಿ ಸಾಯುವನೆಂದು ಜಾತಕದಲ್ಲಿ ಬರೆದಿರುವುದನ್ನು ಶಾಸ್ತ್ರಿಗಳೊಬ್ಬರು ಗುಟ್ಟಾಗಿ ಹೇಳಿದರೆಂಬ ಸಂಗತಿಯೂ ಆ ಪುಸ್ತಕದಲ್ಲಿದೆ.

1853ರಲ್ಲಿ ಪ್ರಾಯಕ್ಕೆ ಬಂದ ರಾಜನಿಗೆ ಆಡಳಿತವನ್ನೊಪ್ಪಿಸಿ ಟೇಲರ್ ಸುರಪುರ ಬಿಟ್ಟನು. ಐದು ವರ್ಷ ತುಂಬುವುದರೊಳಗೆ, 1858ರ ಫೆಬ್ರುವರಿಯಲ್ಲಿ, ವೆಂಕಟಪ್ಪ ನಾಯಕನು ಆಂಗ್ಲರ ಮೇಲೆ ಶಸ್ತ್ರವೆತ್ತಿದನು. ಕಾಳಗದಲ್ಲಿ ಆಂಗ್ಲ ಅಧಿಕಾರಿಗಳು ಬಿದ್ದರು. ಆದರೆ ಇನ್ನಷ್ಟು ಪಡೆ ಬರುವುದನ್ನರಿತು ರಾಜನು ರಾತ್ರಿಯೇ ಊರು ಬಿಟ್ಟು, ಹೈದರಾಬಾದಿನಲ್ಲಿ ಸೆರೆಸಿಕ್ಕನು. ಅಲ್ಲಿ ಅವನನ್ನು ಕಾಣಲು ಬಂದವನು ಟೇಲರ್. ತನ್ನನ್ನು ನೇಣಿಗೇರಿಸಬಾರದು, ತೋಪಿನ ಬಾಯಿಗೆ ಕಟ್ಟಿ ಹಾರಿಸಲಿ, ತಾನು ಅಂಜುವುದಿಲ್ಲವೆಂದು ಯುವಕನು ಹೇಳಿದನಂತೆ. ಪ್ರೇರಕರ ಹೆಸರನ್ನು ಹೇಳಿದರೆ ದಯೆ ದೊರೆಯಬಹುದೆಂದರೂ ಹೇಳಲೊಪ್ಪಲಿಲ್ಲ. ಆ ಮೌನವೊಂದೇ ಸಾಕು, ಅವನ ಹೆಸರು ಉಳಿಯಲು.

ಮರಣದಂಡನೆಯು ಮೊದಲು ಗಡೀಪಾರಿಗೆ, ಬಳಿಕ ಗವರ್ನರ್ ಜನರಲರ ಅಪ್ಪಣೆಯಿಂದ 4 ವರ್ಷಗಳ ಸೆರೆವಾಸಕ್ಕೆ ಇಳಿಯಿತು. ಚೆಂಗಲ್ಪಟ್ಟಿಗೆ ಕರೆದೊಯ್ಯುವ ದಾರಿಯಲ್ಲಿ, 1858ರ ಮೇ ತಿಂಗಳಲ್ಲಿ, ಕಾವಲಿನ ಅಧಿಕಾರಿಯ ಪಿಸ್ತೂಲಿನಿಂದ ಗುಂಡು ಹಾರಿಸಿಕೊಂಡು ಸತ್ತನೆಂಬುದು ಆಂಗ್ಲರ ದಾಖಲೆಯ ಹೇಳಿಕೆ. ಬಿಡುಗಡೆಯ ಆಸೆ ಚಿಗುರಿದ್ದ ಯುವಕ ಹಾಗೇಕೆ ಮಾಡಿಕೊಂಡನೆಂಬ ಪ್ರಶ್ನೆಗೆ ಆ ದಾಖಲೆಯಲ್ಲಿ ಸಮಾಧಾನಕರ ಉತ್ತರವಿಲ್ಲ. ಅವನಿಗೆ ಆಗ ಇಪ್ಪತ್ತನಾಲ್ಕನೆಯ ವರ್ಷ.

ಸಂಸ್ಥಾನವನ್ನು 1860ರಲ್ಲಿ ನಿಜಾಮನಿಗೆ ಕೊಡಲಾಯಿತು. ಟೇಲರ್ 1876ರಲ್ಲಿ ತೀರಿಕೊಂಡನು. ಮರುವರ್ಷ ಅವನ ಆತ್ಮಚರಿತ್ರೆಯನ್ನು ಮಗಳು ಹೊರತಂದಳು. 1956ರಲ್ಲಿ ಸುರಪುರ ಮೈಸೂರು ರಾಜ್ಯಕ್ಕೆ ಸೇರಿತು, 2009ರ ಕೊನೆಯಲ್ಲಿ ರೂಪುಗೊಂಡ ಯಾದಗಿರಿ ಜಿಲ್ಲೆಯ ತಾಲ್ಲೂಕಾಯಿತು. ರಾಜ್ಯ ಕಳೆದುಕೊಂಡ ನಾಯಕನ ಊರಿನಲ್ಲಿ, ಅವನನ್ನು ಬೆಳೆಸಿದವನ ಬಂಗಲೆಯು ಮಾತ್ರ ಟೇಲರನ ಹೆಸರನ್ನೇ ಹೊತ್ತು ನಿಂತಿದೆ.