ಪಾನಾ ಕೆಳಗಿಟ್ಟ ಮೇಲೆ

ಬಿಜಾಪುರದ ಸೀಮೆಯಲ್ಲಿ ಜೋಳವನ್ನು ಹಗೇವಿನಲ್ಲಿ ತುಂಬಿಡುತ್ತಿದ್ದ ಕಾಲಕ್ಕೆ, ಬಹುದಿನ ಮುಚ್ಚಿದ್ದ ಹಗೇವಿನ ಬಾಯಿ ತೆರೆದೊಡನೆ ಯಾರೂ ಒಳಗಿಳಿಯುತ್ತಿರಲಿಲ್ಲ. ಮೊದಲು ಹಗ್ಗಕ್ಕೆ ಕಟ್ಟಿದ ದೀಪವನ್ನು ಇಳಿಬಿಡುತ್ತಿದ್ದರು. ದೀಪ ಆರಿದರೆ ಒಳಗಿನ ಗಾಳಿ ಕೆಟ್ಟಿದೆಯೆಂದು ತಿಳಿದು ಕಾಯುತ್ತಿದ್ದರು. ಕಣ್ಣಿಗೆ ಕಾಣದ ಮೃತ್ಯುವನ್ನು ಕುರುಹೊಂದರಿಂದ ಅರಿಯುವ ವಿದ್ಯೆ ಅದು. ವಿಮಾನಗಳ ದುರಸ್ತಿಯನ್ನು ಬಿಟ್ಟು ಅಣುವಿದ್ಯುತ್ ಸ್ಥಾವರವನ್ನು ಸೇರಬಯಸುವವನು ಕಲಿಯಬೇಕಾದದ್ದೂ ಬಹುಮಟ್ಟಿಗೆ ಇದೇ ಜಾತಿಯ ವಿದ್ಯೆ.

ಬಿಜ್ಜರಗಿಯಂಥ ಊರಿನ ತರುಣನೊಬ್ಬ ವಾಯುದಳಕ್ಕೆ ಸೇರಿ, ವಿಮಾನದ ಎಂಜಿನ್ನುಗಳ ನಡುವೆ ಇಪ್ಪತ್ತು ವರ್ಷ ಕಳೆದನೆಂದು ಇಟ್ಟುಕೊಳ್ಳಬಹುದು. ಬಿಡುಗಡೆಯ ಹೊತ್ತಿಗೆ ಅವನ ವಯಸ್ಸು ನಲವತ್ತರ ಆಸುಪಾಸು. ಮಕ್ಕಳು ಇನ್ನೂ ಶಾಲೆಯಲ್ಲಿ. ಊರಿನ ಹೊಲ ಮಳೆಯನ್ನು ನಂಬಿದ್ದು. ಆಗ ಅವನಿಗೆ ಕಾರವಾರ ತಾಲೂಕಿನ ಕೈಗಾ ನೆನಪಾಗುವುದು ಸಹಜ. ಕಾಳಿ ನದಿಯ ದಂಡೆಯಲ್ಲಿ, ಕದ್ರಾ ಜಲಾಶಯದ ಬಳಿ, ತಲಾ ೨೨೦ ಮೆಗಾವಾಟಿನ ನಾಲ್ಕು ರಿಯಾಕ್ಟರುಗಳು ಅಲ್ಲಿವೆ. ಮೊದಲಿನ ಎರಡು ೨೦೦೦ದಲ್ಲಿಯೂ ನಾಲ್ಕನೆಯದು ೨೦೧೧ರಲ್ಲಿಯೂ ವಾಣಿಜ್ಯ ಉತ್ಪಾದನೆಗೆ ತೊಡಗಿದವು.

ಇಂಥವನು ಬರಿಗೈಯಲ್ಲಿ ಹೋಗುವುದಿಲ್ಲ. ಕೆಲಸ ಮುಗಿದೊಡನೆ ಪಾನಾಗಳನ್ನು ಎಣಿಸುವುದು, ಒಂದು ಕಡಿಮೆಯಾದರೂ ವಿಮಾನವನ್ನು ನೆಲ ಬಿಡಗೊಡದಿರುವುದು, ಮಾಡಿದ್ದನ್ನೆಲ್ಲ ಬರೆದು ರುಜು ಹಾಕುವುದು, ನೆನಪನ್ನು ನಂಬದೆ ಪುಸ್ತಕವನ್ನು ನಂಬುವುದು ಇವೆಲ್ಲ ಅವನ ರಕ್ತಕ್ಕೆ ಹತ್ತಿರುತ್ತವೆ. ಅಣುಸ್ಥಾವರದಲ್ಲಿ ಇವುಗಳಿಗಿಂತ ಬೆಲೆಯುಳ್ಳ ಸ್ವಭಾವಗಳಿಲ್ಲ.

ಆದರೆ ವಿಮಾನವೆಂಬುದು ಕೆಳಗಿಳಿಯುವ ಯಂತ್ರ. ಇಳಿಯಿತು, ನಿಂತಿತು, ತಣ್ಣಗಾಯಿತು. ಬಿಚ್ಚಿ ಒಳಗೆ ಕೈ ಹಾಕಬಹುದು. ರಿಯಾಕ್ಟರು ಹಾಗಲ್ಲ. ಕೈಗಾದ ಮೊದಲನೆಯ ಘಟಕ ೨೦೧೬ರ ಮೇ ೧೩ರಿಂದ ೨೦೧೮ರ ಡಿಸೆಂಬರ್ ೩೧ರವರೆಗೆ, ೯೬೨ ದಿನ ಎಡೆಬಿಡದೆ ನಡೆಯಿತು. ಆ ಕಾಲಕ್ಕೆ ಅದು ಜಗತ್ತಿನ ದಾಖಲೆ. ಇಂಧನವನ್ನು ಬದಲಿಸಲೂ ಅದನ್ನು ನಿಲ್ಲಿಸಬೇಕಾಗಿಲ್ಲ. ಅದರ ೩೦೬ ಕೊಳವೆಗಳಲ್ಲಿ ಬೇಕಾದುದೊಂದರ ಎರಡೂ ತುದಿಗಳಿಗೆ ಯಂತ್ರಗಳು ಬಂದು ಕಚ್ಚಿಕೊಳ್ಳುತ್ತವೆ; ಒಂದು ಹೊಸ ಇಂಧನವನ್ನು ನೂಕಿದರೆ ಇನ್ನೊಂದು ಹಳೆಯದನ್ನು ಒಳಗೆಳೆದುಕೊಳ್ಳುತ್ತದೆ. ಹಾರುತ್ತಿರುವಾಗಲೇ ಎಂಜಿನ್ನಿನ ಹೊಟ್ಟೆ ಬಿಚ್ಚಿದಂತೆ!

ಇನ್ನು, ನಿಲ್ಲಿಸಿದರೂ ಅದು ಪೂರ್ತಿ ನಿಲ್ಲುವುದಿಲ್ಲ. ಸರಪಳಿ ಕ್ರಿಯೆ ಕ್ಷಣದಲ್ಲಿ ಅಡಗಿದರೂ, ಒಡೆದ ಪರಮಾಣುಗಳ ಚೂರುಗಳು ಶಾಖವನ್ನು ಕೊಡುತ್ತಲೇ ಇರುತ್ತವೆ. ಮೊದಲ ಗಳಿಗೆಯಲ್ಲಿ ಅದು ಪೂರ್ಣ ಶಾಖದ ನೂರಕ್ಕೆ ಆರರಷ್ಟು. ಜಪಾನಿನ ಫುಕುಶಿಮಾದಲ್ಲಿ ೨೦೧೧ರ ಮಾರ್ಚ್ ೧೧ರಂದು ಭೂಕಂಪವಾದೊಡನೆ, ನಡೆಯುತ್ತಿದ್ದ ರಿಯಾಕ್ಟರುಗಳು ನಿಲ್ಲಬೇಕಾದಂತೆಯೇ ನಿಂತವು. ತರುವಾಯ ಬಂದ ಸಮುದ್ರದ ಅಲೆ ನೀರು ಹಾಯಿಸುವ ವಿದ್ಯುತ್ತನ್ನು ಕಸಿದುಕೊಂಡಿತು. ನಿಂತ ರಿಯಾಕ್ಟರುಗಳೇ ಕರಗಿದವು. ಯಂತ್ರ ನಿಂತರೆ ಕ್ಷೇಮವೆಂಬ ವಿಮಾನಶಾಲೆಯ ನಂಬಿಕೆಯನ್ನು ಇಲ್ಲಿ ಮರೆಯಬೇಕು.

ಕಲಿಯುವುದಕ್ಕಿಂತ ಈ ಮರೆಯುವುದೇ ಕಷ್ಟ. ಅಮೆರಿಕದ ತ್ರೀ ಮೈಲ್ ಐಲೆಂಡಿನಲ್ಲಿ ೧೯೭೯ರ ಮಾರ್ಚ್ ೨೮ರ ನಸುಕಿನಲ್ಲಿ ನಿಯಂತ್ರಣ ಕೊಠಡಿಯಲ್ಲಿದ್ದವರು ಅರಿಯದ ಹುಡುಗರಲ್ಲ. ನೌಕಾದಳದ ಅಣುಶಕ್ತಿಯ ಹಡಗುಗಳಲ್ಲಿ ಪಳಗಿ ಬಂದವರು. ತೆರೆದ ಕವಾಟವೊಂದು ಮುಚ್ಚದೆ ಸಿಕ್ಕಿಕೊಂಡು, ರಿಯಾಕ್ಟರಿನ ನೀರು ಸೋರುತ್ತಿತ್ತು. ಫಲಕದ ಮೇಲಿನ ದೀಪವೋ ಕವಾಟ ಮುಚ್ಚಿದೆಯೆಂಬಂತೆ ತೋರಿತು. ಏಕೆಂದರೆ ಅದು ತಿಳಿಸುತ್ತಿದ್ದುದು ಮುಚ್ಚೆಂಬ ಆಜ್ಞೆ ಹೋದದ್ದನ್ನೇ ಹೊರತು ಕವಾಟ ನಿಜವಾಗಿ ಮುಚ್ಚಿದ್ದನ್ನಲ್ಲ. ಒತ್ತಡ ಕಾಯುವ ಪಾತ್ರೆ ನೀರಿನಿಂದ ತುಂಬಿಹೋಗಬಾರದೆಂಬುದು ಹಡಗಿನ ತರಬೇತಿ ಕಲಿಸಿದ್ದ ದೊಡ್ಡ ಭಯ. ಅಲ್ಲಿ ಮಟ್ಟ ಏರುವುದನ್ನು ಕಂಡು ಅವರು ತಾನಾಗಿ ಹರಿದುಬರುತ್ತಿದ್ದ ತಂಪಿನ ನೀರನ್ನು ತಗ್ಗಿಸಿದರು. ಕವಾಟದ ಸಂಗತಿ ತಿಳಿಯಲು ಎರಡು ಗಂಟೆಗೂ ಮಿಕ್ಕು ಹಿಡಿಯಿತು. ಅಷ್ಟರಲ್ಲಿ ಇಂಧನ ಬರಿದಾಗಿ ಕಾದಿತ್ತು. ಕೊನೆಗೆ ಅರ್ಧದಷ್ಟು ಕರಗಿತು. ಅವರನ್ನು ಮೂರ್ಖರೆನ್ನುವುದು ಅನ್ಯಾಯ. ದೀಪ ಇಳಿಬಿಟ್ಟಿದ್ದರು, ಆ ದೀಪ ಏನನ್ನು ಹೇಳುತ್ತಿದೆಯೆಂಬುದು ಅವರಿಗೆ ತಿಳಿದಿರಲಿಲ್ಲ.

ವಿಮಾನದ ಕೆಲಸಗಾರ ಕೈಯಿಂದ ಯಂತ್ರವನ್ನು ಬಲ್ಲವನು. ಬೋಲ್ಟಿನ ಬಿಗಿ, ಎಣ್ಣೆಯ ವಾಸನೆ, ಎಂಜಿನ್ನಿನ ದನಿ ಅವನಿಗೆ ಸುದ್ದಿ ಹೇಳುತ್ತವೆ. ಸ್ಥಾವರದ ನಿಯಂತ್ರಣ ಕೊಠಡಿಯಲ್ಲಿ ಇವೊಂದೂ ಇಲ್ಲ. ಮುಳ್ಳು, ದೀಪ, ಅಂಕಿಗಳು ಮಾತ್ರ. ಹೊರಗೆ ದುರಸ್ತಿಗೆ ಹೋದರೂ ಎದೆಯ ಮೇಲೆ ವಿಕಿರಣ ಅಳೆಯುವ ಬಿಲ್ಲೆ. ನಮ್ಮ ದೇಶದಲ್ಲಿ ಕೆಲಸಗಾರನಿಗೆ ಯಾವ ವರ್ಷದಲ್ಲಿಯೂ ೩೦ ಮಿಲಿಸೀವರ್ಟು ಮೀರಕೂಡದು. ಐದು ವರ್ಷಗಳ ಸರಾಸರಿ ವರ್ಷಕ್ಕೆ ೨೦ ಮೀರಕೂಡದು. ಬೋಲ್ಟು ಅರ್ಧ ಬಿಗಿದಿದ್ದರೂ ಸಮಯವಾಯಿತೆಂದರೆ ಹೊರಗೆ ಬರಬೇಕು. ಹಿಡಿದ ಕೆಲಸವನ್ನು ಮುಗಿಸಿಯೇ ಏಳುವವನಿಗೆ ಇದು ಸಣ್ಣ ಶಿಕ್ಷೆಯಲ್ಲ.

ಆದುದರಿಂದ ಮೊದಲು ಸ್ಥಾವರದ ದುರಸ್ತಿಯ ವಿಭಾಗವನ್ನೇ ನೋಡುವುದು ಲೇಸು. ಇಂಧನ ತುಂಬುವ ಯಂತ್ರಗಳಿಗೆ, ಪಂಪುಗಳಿಗೆ, ಟರ್ಬೈನಿಗೆ ಅವನ ಕೈ ಒದಗುತ್ತದೆ. ಚಾಲನೆಯ ಕುರ್ಚಿಯೇ ಬೇಕೆಂದರೆ ದಾರಿ ದೂರ. ತರಬೇತಿಯ ನೇಮಕಗಳು ಹೆಚ್ಚಾಗಿ ಇಪ್ಪತ್ತೈದರ ಒಳಗಿನವರಿಗೆಂದೇ ಇದ್ದು, ಮಾಜಿ ಸೈನಿಕರಿಗೆ ವಯಸ್ಸಿನ ಸಡಿಲಿಕೆ ಉಂಟು. ಸಿಕ್ಕರೂ ಕಲಿಕೆಗೆ ಒಂದೂವರೆ ಎರಡು ವರ್ಷ, ಬಳಿಕ ಹೊಣೆಯ ಒಂದೊಂದು ಮೆಟ್ಟಿಲಿಗೂ ಬರೆಹದ ಪರೀಕ್ಷೆ, ಸ್ಥಾವರದೊಳಗೆ ನಡೆದು ತೋರಿಸುವ ಪರೀಕ್ಷೆ, ಮೌಖಿಕ. ಪಡೆದ ಲೈಸೆನ್ಸನ್ನೂ ಮರಳಿ ಮರಳಿ ನವೀಕರಿಸಿಕೊಳ್ಳಬೇಕು.

ಊರಲ್ಲಿ ‘ವಿಮಾನದಂವ’ ಎಂದು ಹೆಸರು ಮಾಡಿದ ಮನುಷ್ಯ, ಇಪ್ಪತ್ತೆರಡರ ಹುಡುಗರ ಪಕ್ಕದ ಬೆಂಚಿನಲ್ಲಿ ಕುಳಿತು, ನೋಟುಬುಕ್ಕಿನ ಮೊದಲ ಹಾಳೆಯಲ್ಲಿ ಭಾರಜಲದ ಗುಣಗಳನ್ನು ಬರೆದುಕೊಳ್ಳುತ್ತಾನೆ. ಮಗಳೂ ಅದೇ ವರ್ಷ ಪರೀಕ್ಷೆಗೆ ಓದುತ್ತಿರಬಹುದು.