ರಕ್ತಕ್ಕೂ ಮೈಲಿಗೆಯೆ?

ಶರೀರಶಾಸ್ತ್ರದ ಪಾಠಗಳಲ್ಲಿ ‘ಶುದ್ಧ ರಕ್ತ’, ‘ಅಶುದ್ಧ ರಕ್ತ’ ಎಂಬ ಮಾತುಗಳು ಬಹುಕಾಲದಿಂದ ನಡೆದುಬಂದಿವೆ. ಶ್ವಾಸಕೋಶದಿಂದ ಆಮ್ಲಜನಕವನ್ನು ಹೊತ್ತುತಂದದ್ದು ಶುದ್ಧ. ಅದನ್ನು ಅಂಗಾಂಗಗಳಿಗೆ ಹಂಚಿ, ಇಂಗಾಲಾಮ್ಲ ವಾಯುವನ್ನು, ಎಂದರೆ ಕಾರ್ಬನ್ ಡೈಆಕ್ಸೈಡನ್ನು, ಹೊತ್ತು ಹಿಂದಿರುಗಿದ್ದು ಅಶುದ್ಧ. ಮಡಿ ಮೈಲಿಗೆಯ ಈ ಭಾಷೆ ವಿಜ್ಞಾನಕ್ಕೆ ಸಲ್ಲದೆಂದು ನನ್ನ ಅಭಿಪ್ರಾಯ.

ಲೆಕ್ಕವನ್ನೇ ನೋಡೋಣ. 100 ಮಿಲಿಲೀಟರ್ ‘ಶುದ್ಧ’ ರಕ್ತದಲ್ಲಿ ಆಮ್ಲಜನಕವಿರುವುದು ಸುಮಾರು 20 ಮಿಲಿಲೀಟರ್, ಇಂಗಾಲಾಮ್ಲವೋ 48ರಷ್ಟು! ‘ಅಶುದ್ಧ’ ರಕ್ತದಲ್ಲಿ ಇದು 52ಕ್ಕೆ ಏರುತ್ತದೆ, ಅಷ್ಟೆ. ನಾವು ಸುಮ್ಮನೆ ಕುಳಿತಿರುವಾಗ ಅದರಲ್ಲಿ ಆಮ್ಲಜನಕವೂ 15ರಷ್ಟು ಉಳಿದೇ ಇರುತ್ತದೆ.

ಇನ್ನು ಇಂಗಾಲಾಮ್ಲವು ಕೇವಲ ಕಸವೆ? ಆಮ್ಲಜನಕವನ್ನು ಕೆಂಪುಕಣದೊಳಗಿನ ಹಿಮೋಗ್ಲೋಬಿನ್ ತನ್ನ ಕಬ್ಬಿಣದಿಂದ ಹಿಡಿದುಕೊಳ್ಳುತ್ತದೆ. ಇಂಗಾಲಾಮ್ಲದ ದಾರಿ ಬೇರೆ. ಅದರ ಬಹುಪಾಲು, ಸುಮಾರು ನೂರಕ್ಕೆ 70ರಷ್ಟು, ಕೆಂಪುಕಣದಲ್ಲಿ ನೀರಿನೊಡನೆ ಕೂಡಿ ಬೈಕಾರ್ಬೊನೇಟಾಗಿ ಮಾರ್ಪಟ್ಟು, ಹೊರಗಿನ ದ್ರವದಲ್ಲಿ ಸಾಗುತ್ತದೆ. ರಕ್ತವು ಆಮ್ಲದ ಕಡೆಗಾಗಲಿ ಕ್ಷಾರದ ಕಡೆಗಾಗಲಿ ವಾಲದಂತೆ ಕಾಯುವುದರಲ್ಲಿ ಈ ಬೈಕಾರ್ಬೊನೇಟಿನದು ದೊಡ್ಡ ಪಾತ್ರ. ಇಷ್ಟೇ ಅಲ್ಲ. ಇಂಗಾಲಾಮ್ಲ ಹೆಚ್ಚಾದೆಡೆ ಹಿಮೋಗ್ಲೋಬಿನ್ನಿನ ಹಿಡಿತ ಸಡಿಲಗೊಂಡು ಆಮ್ಲಜನಕ ಬಿಡುಗಡೆಯಾಗುತ್ತದೆಂದು ಡೆನ್ಮಾರ್ಕಿನ ಕ್ರಿಸ್ಟಿಯನ್ ಬೋರ್ ಮತ್ತು ಸಂಗಡಿಗರು 1904ರಲ್ಲಿ ತೋರಿಸಿಕೊಟ್ಟರು. ನಮ್ಮ ಕ್ರೀಡಾಪಟುಗಳು ಮೈದಾನದಲ್ಲಿ ಓಡುವಾಗ ದುಡಿಯುವ ತೊಡೆಯ ಸ್ನಾಯುವಿಗೇ ಹೆಚ್ಚು ಆಮ್ಲಜನಕ ದೊರೆಯುವುದಕ್ಕೆ ಈ ‘ಕೊಳೆ’ಯೂ ಒಂದು ಕಾರಣ. ಉಸಿರಾಟದ ವೇಗವನ್ನು ಮಿದುಳು ನಿರ್ಧರಿಸುವುದೂ ಮುಖ್ಯವಾಗಿ ಇದರ ಪ್ರಮಾಣವನ್ನು ನೋಡಿಯೇ. ಬಲವಂತವಾಗಿ ಬೇಗಬೇಗ ಉಸಿರಾಡಿ ಇದನ್ನು ಹೊರಹಾಕಿದರೆ ತಲೆ ಸುತ್ತುತ್ತದೆ. ಮಿತಿಮೀರಿದರೆ ಇದು ಮಾರಕವೆಂಬುದನ್ನು ಅಲ್ಲಗಳೆಯುತ್ತಿಲ್ಲ, ಉಪ್ಪೂ ಹಾಗೆಯೇ.

ವಿದ್ಯಾರ್ಥಿಗಳ ಅನುಕೂಲಕ್ಕಾಗಿ ಇಟ್ಟ ಹೆಸರುಗಳಿವು ಎಂದು ಅಧ್ಯಾಪಕರು ಹೇಳಬಹುದು. ಅನುಕೂಲವೆಲ್ಲಿ ಬಂತು? ಅಪಧಮನಿಯಲ್ಲಿ ಶುದ್ಧ ರಕ್ತವೆಂದು ಉರುಹಚ್ಚಿದವನು ಶ್ವಾಸಕೋಶದ ಅಪಧಮನಿಯ ಬಳಿ ಮುಗ್ಗರಿಸುತ್ತಾನೆ. ಅಲ್ಲಿ ಹರಿಯುವುದು ‘ಅಶುದ್ಧ’ವೇ. ಹೊರಗೆ ಅಂಗಡಿಗಳಲ್ಲಿ ‘ರಕ್ತಶುದ್ಧಿ’ಯ ಬಾಟಲಿಗಳಿಗೆ ಗಿರಾಕಿಗಳನ್ನು ಒದಗಿಸುವುದರಲ್ಲಿಯೂ ಈ ಪದಗಳ ಪಾಲಿದೆಯೆಂದು ನನ್ನ ಗುಮಾನಿ.

ಬದಲಿಗೆ ತಿಳಿಗೆಂಪು ರಕ್ತ, ಕಡುಗೆಂಪು ರಕ್ತ ಎನ್ನಬಾರದೇಕೆ? ಚಿತ್ರಪಟದ ನೀಲಿ ಬಣ್ಣ ಕೇವಲ ಗುರುತಿಗಾಗಿ ಬಳಿದದ್ದು. ನಿಜವಾಗಿ ಇರುವುದು ಈ ಎರಡು ಕೆಂಪುಗಳೇ. ರಕ್ತದಾನ ಮಾಡಿದವರು ಚೀಲದಲ್ಲಿ ತುಂಬಿಬರುವುದನ್ನು ಕಂಡಿರುತ್ತಾರೆ. ತೋಳಿನ ಅಭಿಧಮನಿಯಿಂದ ಇಳಿಯುವ ಅದು ಕಡುಗೆಂಪಿನದು, ಪಾಠದ ಪ್ರಕಾರ ಅಶುದ್ಧ. ರೋಗಿಗಳ ಜೀವ ಉಳಿಸುತ್ತಿರುವುದು ಅದೇ.